ಬೆಳಿಗ್ಗೆಯೇ ಬರೆದ ಸಂಜೆಯ ಅಂಕಿ

ಮೊದಲ ವಾರ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಎರಡನೆಯ ವಾರ ಅನ್ನ ಸೀದಿತು.

ಸೀಯಿಸಿದವನು ಗಂಡ. ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವನು. ಕೈ ಚುರುಕು, ಆದರೆ ಒಲೆಯ ಮುಂದೆ ನಿಂತು ಅಭ್ಯಾಸವಿಲ್ಲ. ಹೆಂಡತಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ತರಗತಿಗೆ ಹೋಗುವ ಹತ್ತು ವಾರವೂ ಆ ಮೂರು ದಿನದ ಅಡುಗೆ ತನ್ನದು ಎಂದು ಅವನೇ ಎದೆ ತಟ್ಟಿಕೊಂಡು ಹೇಳಿದ್ದ.

"ಏನಪ್ಪಾ ಇದು, ಅನ್ನವೋ ಇದ್ದಿಲೋ?" ಎಂದಳು ಮಗಳು. ಅವಳಿಗೆ ಹದಿನಾರು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮನೆಯಲ್ಲಿ ಅವಳಿಗೆ ಲಾಯರ್ ಎಂದೇ ಹೆಸರು.

"ತಿನ್ನಿ ಲಾಯರ್ರೇ. ನಾಳೆ ನೀವು ಹಾಕ್ಕೊಳ್ಳೋ ಕೋಟೂ ಇದೇ ಬಣ್ಣ."

"ಕೋಟನ್ನ ಯಾರೂ ತಿನ್ನಲ್ಲ."

ಅತ್ತೆ ತಟ್ಟೆಯ ಬದಿಗೆ ಕರಿದಾದ ಅಗುಳುಗಳನ್ನು ಸರಿಸುತ್ತ ಸೊಸೆಯ ಕಡೆ ನೋಡಿದರು. "ಅಲ್ವೇ, ಅದೇನು ಕೆಲಸಾಂತ ಇನ್ನೊಂದ್ಸಲ ಹೇಳು. ರಸ್ಕ್ ಆಫೀಸರ್ರಾ?"

"ರಸ್ಕ್ ಅಲ್ಲ ಅತ್ತೆ. ರಿಸ್ಕ್."

"ಸದ್ಯ. ಚಹಾದಲ್ಲಿ ಅದ್ದೋದಕ್ಕೂ ಒಬ್ಬರು ಆಫೀಸರ್ ಬೇಕಾ ಅಂದ್ಕೊಂಡೆ."

ಸೊಸೆ ಊರಿನ ದೊಡ್ಡಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಗುಮಾಸ್ತೆ. ಯಾವ ವಾರ್ಡಿನ ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಆಸ್ಪತ್ರೆಯ ಆಡಳಿತ ಕಮಿಟಿ ಈ ವರ್ಷ ಹೊಸ ಹುದ್ದೆಯೊಂದನ್ನು ಮಾಡಿತ್ತು. ಎಲ್ಲೆಲ್ಲಿ ಏನು ಕೆಡಬಹುದು ಎಂದು ಕೆಡುವ ಮೊದಲೇ ಹುಡುಕಿ ಕಮಿಟಿಗೆ ನೇರವಾಗಿ ಹೇಳಬೇಕು. ಅದೇ ಕೆಲಸ. ಒಳಗಿನವರೇ ಮೂವರಿಗೆ ಆಡಳಿತ ಮತ್ತು ರಿಸ್ಕ್ ನಿರ್ವಹಣೆಯ ಹತ್ತು ವಾರದ ಪಾಠ. ಕೊನೆಗೆ ಕಮಿಟಿಯ ಮುಂದೆ ಪರೀಕ್ಷೆ. ಮೂವರಲ್ಲಿ ಒಬ್ಬರಿಗೆ ಹುದ್ದೆ. ಸೊಸೆಗೆ ನಲವತ್ತೊಂದು. ಈ ಸಲ ತಪ್ಪಿದರೆ ಇನ್ನು ಹದಿನೇಳು ವರ್ಷ ಅದೇ ಕೋಣೆ, ಅದೇ ಧೂಳು, ಅದೇ ಸೀನು.

ಮಾವನಿಗೆ ಮಾತ್ರ ಈ ಹುದ್ದೆಯ ಹೆಸರೇ ಹಿಡಿಸಿರಲಿಲ್ಲ. ಅವರು ಅದೇ ಆಸ್ಪತ್ರೆಯ ಬಾಯ್ಲರ್ ನಡೆಸಿ ನಿವೃತ್ತರಾದವರು. 'ಒಂದೂ ಅವಘಡವಿಲ್ಲದ ಮೂವತ್ತೊಂದು ವರ್ಷ' ಎಂಬ ಪ್ರಶಸ್ತಿಪತ್ರ ಟಿ.ವಿ.ಯ ಮೇಲೆ ಚೌಕಟ್ಟಿನಲ್ಲಿ ತೂಗುತ್ತದೆ. ಬಂದವರು ಅದನ್ನು ಓದದೆ ಚಹಾ ಸಿಗುವುದಿಲ್ಲ.

"ಮೂವತ್ತೊಂದು ವರ್ಷ ಯಾವ ಆಫೀಸರೂ ಇಲ್ದೇನೇ ನಡೀತಪ್ಪ," ಎಂದರು ಅನ್ನ ಕಲೆಸುತ್ತ.

"ನಡೀತು ಮಾವ. ನೀವಿದ್ರಿ, ಅದಕ್ಕೆ," ಎಂದಳು ಸೊಸೆ. ಮಾವನ ಮುಖ ಅರಳಿತು. ಸೀದ ಅನ್ನ ಇನ್ನೊಂದು ಸಲ ಹಾಕಿಸಿಕೊಂಡರು.

ಅದೇ ವಾರದ ಬುಧವಾರ ಎರಡನೆಯ ಗಲಾಟೆಯಾಯಿತು. ಅತ್ತೆಗೆ ರಕ್ತದೊತ್ತಡ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆದು ಬರೆದಿಡಿ ಎಂದು ಡಾಕ್ಟರು ಹೇಳಿದ್ದರು. ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತುವ ಯಂತ್ರ ಮನೆಯಲ್ಲೇ ಇತ್ತು. ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ತರಗತಿ ಮುಗಿಸಿ ಬಂದ ಸೊಸೆ ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ತಾವಾಗಿಯೇ ಹೇಳಿದರು: "ಇವತ್ತು ನೂರ ಎಪ್ಪತ್ತು ತೋರಿಸ್ತು ಕಣೇ."

ಸೊಸೆ ಪುಸ್ತಕಗಳನ್ನು ಮೇಜಿನ ಮೇಲೆ ಎಸೆದಳು. ಒಂದು ಜಾರಿ ನೆಲಕ್ಕೆ ಬಿತ್ತು.

"ನಾನು ಎರಡು ಗಂಟೆ ಹೊರಗೆ ಹೋದ್ರೆ ಈ ಮನೇಲಿ ಇಷ್ಟೇ! ಸಾರಿಗೆ ಅಷ್ಟು ಉಪ್ಪು ಯಾಕ್ರೀ ಹಾಕಿದ್ದು? ನೀನು ಅಷ್ಟು ಜೋರಾಗಿ ಹಾಡು ಯಾಕೆ ಹಾಕಿದ್ದು? ಅತ್ತೆ, ನೀವು ಉಪ್ಪಿನಕಾಯಿ ಡಬ್ಬಿ ಎಲ್ಲಿ ಬಚ್ಚಿಟ್ಟಿದೀರಿ ನನಗೆ ಗೊತ್ತು! ಬೇಡ, ನಾನು ಓದೋದೂ ಬೇಡ, ಆಫೀಸರ್ ಆಗೋದೂ ಬೇಡ!"

ಶುಕ್ರವಾರ ಅವಳು ತರಗತಿಗೆ ಹೋಗಲಿಲ್ಲ. ಮನೆಯಲ್ಲೇ ಇದ್ದು ಅಡುಗೆ ಮಾಡಿದಳು. ರುಚಿಯಾಗಿತ್ತು. ಆದರೆ ಊಟ ಯಾರಿಗೂ ಇಳಿಯಲಿಲ್ಲ.

ಮರುದಿನ ಗಂಡ ಹೇಳಿದ. "ಅಮ್ಮನ ಬಿ.ಪಿ. ಇನ್ಮೇಲೆ ನಾನು ನೋಡ್ಕೋತೀನಿ. ನೀನು ಓದು."

ಒಂದೆರಡು ವಾರದಲ್ಲೇ ಅಂಕಿಗಳು ಇಳಿದವು. ನೂರ ಮೂವತ್ತು. ನೂರ ಇಪ್ಪತ್ತೆಂಟು. ಸೊಸೆ ಫ್ರಿಜ್ಜಿನ ಬಾಗಿಲು ತೆರೆಯುವಾಗಲೆಲ್ಲ ಅತ್ತ ಕಣ್ಣು ಹಾಯಿಸಿ, "ನೋಡಿದ್ರಾ, ಉಪ್ಪು ಕಮ್ಮಿ ಮಾಡಿದ್ದಕ್ಕೆ," ಎನ್ನುತ್ತಿದ್ದಳು. ಗಂಡ ಪಾತ್ರೆ ತೊಳೆಯುತ್ತ, "ಹೂಂ," ಎನ್ನುತ್ತಿದ್ದ.

ನಾಲ್ಕನೆಯ ವಾರ ಪಾಠ ಹೇಳುವ ಮೇಡಂ ಪರೀಕ್ಷೆಯ ಕೆಲಸ ಕೊಟ್ಟರು. ವಿಮಾ ಕಂಪನಿಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಹೆಂಗಸು. ಬೆಂಕಿ ಬಿದ್ದ ಗೋದಾಮುಗಳನ್ನು ನೋಡಿ ನೋಡಿ ಮಾತು ಒಣಗಿತ್ತು.

"ಆಸ್ಪತ್ರೇಲಿ ದಿನಾ ಬರೆಯೋ ಪುಸ್ತಕ ಒಂದನ್ನ ಆರಿಸ್ಕೊಳ್ಳಿ. ಅದು ನಿಜ ಹೇಳ್ತಿದೆಯಾ ಇಲ್ವಾ, ಕಮಿಟಿ ಮುಂದೆ ನಿಂತು ಹೇಳಿ. ಅರ್ಧದಷ್ಟು ಮಾರ್ಕು ಅದಕ್ಕೇ."

ಸೊಸೆ ಬಾಯ್ಲರ್ ಪುಸ್ತಕ ಆರಿಸಿಕೊಂಡಳು. ಹಳೆಯ ಸಂಪುಟಗಳೆಲ್ಲ ಅವಳ ಕೋಣೆಯಲ್ಲೇ ಇದ್ದವು. ಮನೆಯಲ್ಲಿ ಮಾವ ಇದ್ದರು. ಗಂಟೆಗೊಮ್ಮೆ ಆವಿಯ ಒತ್ತಡ ಎಷ್ಟು, ನೀರಿನ ಮಟ್ಟ ಎಷ್ಟು ಎಂದು ಬರೆಯುವ ಪುಸ್ತಕ ಅದು. ಒಂದು ವಾರ ಊಟದ ಬಿಡುವಿನಲ್ಲಿ ಕೂತು ಮಾವನ ಕಾಲದ ಹನ್ನೆರಡು ಸಂಪುಟ ತಿರುವಿದಳು.

"ಎಷ್ಟು ತಪ್ಪು ಸಿಕ್ತು?" ಎಂದು ಮೇಡಂ ಕೇಳಿದರು.

"ಒಂದೂ ಇಲ್ಲ ಮೇಡಂ. ಅಷ್ಟು ಚೊಕ್ಕ ಇದೆ."

"ಬಾಯ್ಲರ್ ಮನೇಲಿ ಕೈ ತುಂಬಾ ಎಣ್ಣೆ ಇರುತ್ತಮ್ಮ. ಪುಸ್ತಕ ಹೇಗೆ ಚೊಕ್ಕ ಇರುತ್ತೆ?"

ಭಾನುವಾರ ಬೆಳಿಗ್ಗೆ ಸೊಸೆ ಮಾವನ ಜೊತೆ ಅಂಗಳದಲ್ಲಿ ಬಟಾಣಿ ಸುಲಿಯುತ್ತ ಕೂತಾಗ ಆ ಪ್ರಶ್ನೆಯನ್ನೇ ಅವರ ಮುಂದಿಟ್ಟಳು. ಕೇಳಿದ ರೀತಿ ಸರಿಯಿರಲಿಲ್ಲ.

"ಮಾವ, ನಿಮ್ಮ ಪುಸ್ತಕದಲ್ಲಿ ಎಣ್ಣೆ ಕಲೆ ಯಾಕಿಲ್ಲ?"

ಮಾವ ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟರು. "ಅಂದ್ರೆ?"

"ಮೇಡಂ ಕೇಳಿದ್ರು."

"ನಿಮ್ಮ ಮೇಡಂ ಬಾಯ್ಲರ್ ಮುಂದೆ ನಿಂತಿದಾರಾ? ನಾನು ಕೈ ತೊಳ್ಕೊಂಡು ಬರೀತಿದ್ದೆ!"

"ಗಂಟೆಗೊಂದ್ಸಲಾನೂ ಸೋಪು ಹಾಕ್ಕೊಂಡಾ?"

"ಅಲ್ಲಿ ಗೋಡೆ ಮೇಲೆ ತೂಗ್ತಿದೆಯಲ್ಲ, ಓದ್ಕೋ! ಮನೆಯವರನ್ನೇ ಹಿಡಿದು ವಿಚಾರಣೆ ಮಾಡೋದಾ ನಿಮಗೆ ಅಲ್ಲಿ ಹೇಳ್ಕೊಡೋದು?"

ಅವತ್ತಿನಿಂದ ನಾಲ್ಕು ದಿನ ಮಾವ ಮೇಜಿಗೆ ಬರಲಿಲ್ಲ. ಮೂತಿ ಊದಿಸಿಕೊಂಡು ಅಂಗಳದ ಸ್ಟೂಲಿನ ಮೇಲೆ ಕೂತು ಉಂಡರು. ಅತ್ತೆ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡಿದರು. ನಾಲ್ಕನೆಯ ದಿನ ಅವರಿಗೂ ಸಾಕಾಯಿತು.

"ಆಸ್ಪತ್ರೆ ಕ್ಯಾಂಟೀನ್ ಆಗ್ಬಿಟ್ಟಿದೆ ನನ್ನ ಮನೆ. ಒಳಗೊಂದು ವಾರ್ಡು, ಹೊರಗೊಂದು ವಾರ್ಡು. ಒಳಗೆ ಬರ್ತೀರೋ, ಇಲ್ಲ ತಟ್ಟೆ ಅಲ್ಲೇ ತೊಳ್ಕೋತೀರೋ?"

ಮಾವ ಒಳಗೆ ಬಂದರು. ಬಂದು ಕೂತು, ಯಾರ ಮುಖವನ್ನೂ ನೋಡದೆ, ಚಪಾತಿಯನ್ನು ಸಾರಿನಲ್ಲಿ ಅದ್ದುತ್ತ ಹೇಳತೊಡಗಿದರು.

"ಮುಂಗಡ ಬರೀತಿದ್ವಿ."

"ಏನನ್ನ?" ಎಂದ ಗಂಡ.

"ಪುಸ್ತಕಾನ. ಪಾಳಿಗೆ ಬಂದ ತಕ್ಷಣ ಕೂತು ಎಂಟು ಗಂಟೆಯದನ್ನೂ ಒಟ್ಟಿಗೆ ಬರೆದು ಬಿಡೋದು. ನಾನೊಬ್ಬನೇ ಅಲ್ಲ, ಎಲ್ಲರೂ. ಕೆಲಸ ಮಾತ್ರ ಮೋಸ ಇಲ್ಲ. ಗಂಟೆಗೆ ಹತ್ತು ಸಲ ಗೇಜು ನೋಡ್ತಿದ್ವಿ. ಬರೆಯೋದಕ್ಕೆ ಯಾರಿಗೆ ಪುರುಸೊತ್ತು? ಅದಕ್ಕೇ ಕಲೆ ಇಲ್ಲ. ಕೈ ಕೊಳೆ ಆಗೋ ಮೊದಲೇ ಬರೆದಿದ್ದು."

ಸೊಸೆ ತಲೆ ಎತ್ತಲಿಲ್ಲ. ಎತ್ತಿದರೆ ಮಾತು ನಿಂತುಬಿಡುತ್ತದೆ ಎಂದು ಅವಳಿಗೆ ಅನ್ನಿಸಿತು.

"ಒಂದೇ ಒಂದು ದಿನ ಕೈ ಕೊಡ್ತು. ಮಧ್ಯಾಹ್ನದ ಪಾಳಿ. ಎರಡಕ್ಕೆ ಹೋಗಿ ಹತ್ತರವರೆಗೂ ಬರೆದಿಟ್ಟೆ. ಅಷ್ಟರಲ್ಲಿ ಆಯಾ ಓಡಿ ಬಂದು ಹೇಳಿದ್ಲು, ನಿನ್ನ ಹೆಂಡ್ತೀನ ಹೆರಿಗೆ ವಾರ್ಡಿಗೆ ಹಾಕಿದಾರೆ ಅಂತ. ಎರಡು ಕಟ್ಟಡ ಆಚೆ. ಸೂಪರ್‌ವೈಸರ್‌ನ ಕೇಳಿದ್ರೆ ಗೊತ್ತೇ ಇದೆ, ಹೆರೋದು ಅವಳೋ ನೀನೋ ಅಂತಾನೆ. ಕೇಳಲೇ ಇಲ್ಲ. ಓಡಿದೆ. ನಾಲ್ಕೂವರೆಗೆ ವಾಪಸ್ ಬಂದ್ರೆ ಗೇಜಿನಲ್ಲಿ ನೀರೇ ಇಲ್ಲ. ಪಂಪು ಹಿಡ್ಕೊಂಡಿತ್ತು. ಕೆಳಗೆ ಬೆಂಕಿ ಉರೀತಾನೇ ಇದೆ. ಕೈ ನೀರಿನ ಚಕ್ರಕ್ಕೆ ಹೋಯ್ತು. ಆ ಕಾದ ಕಬ್ಬಿಣಕ್ಕೆ ತಣ್ಣೀರು ಬಿಟ್ಟಿದ್ರೆ ಛಾವಣಿ ಇರ್ತಿರಲಿಲ್ಲ. ಗೋಡೆ ಆಚೆ ಲಾಂಡ್ರಿ, ಹದಿನಾಲ್ಕು ಜನ ಹೆಂಗಸರು. ಅದು ಹೇಗೋ ಕೈ ಹಿಂದಕ್ಕೆ ಎಳ್ಕೊಂಡು ಬರ್ನರ್ ಆರಿಸಿದೆ. ಹೊರಗೆ ಬಂದು ನೆಲದ ಮೇಲೆ ಕೂತೆ. ಪುಸ್ತಕದಲ್ಲಿ ಮಾತ್ರ ನಾಲ್ಕು ಗಂಟೆಗೆ ನೀರು ಸರಿಯಾಗಿದೆ."

ಮೊದಲು ಬಾಯಿ ಬಿಟ್ಟವನು ಗಂಡ.

"ಅಂದ್ರೆ ಅಪ್ಪಾ, ನಾನು ಹುಟ್ಟಿದ್ದೇ ಸುಳ್ಳು ಲೆಕ್ಕದಲ್ಲಾ?"

"ಹುಟ್ಟಿದ್ದಂತೂ ನಿಜ ಕಣೋ," ಎಂದರು ಅತ್ತೆ. "ನಾನು ಅಲ್ಲೇ ಇದ್ದೆ." ಆಮೇಲೆ ಮಾವನ ಕಡೆ ತಿರುಗಿದರು. "ಇಷ್ಟು ವರ್ಷ ಒಂದು ಮಾತು ಹೇಳಲಿಲ್ವಲ್ರೀ."

"ಹೇಳಿದ್ರೆ ನೀನು ಮಗೂನ ಎತ್ಕೊಂಡು ತೌರಿಗೆ ಹೋಗ್ತಿದ್ದೆ."

"ಹೋಗ್ತಿದ್ದೆ. ನೀವು ಬಂದು ಕರೆದ್ರೆ ವಾಪಸೂ ಬರ್ತಿದ್ದೆ."

ಊಟವಾದ ಮೇಲೆ ಮಾವ ಒಂದು ಹಳೆಯ ಕಾಗದ ತೆಗೆದುಕೊಂಡು ಸೊಸೆಗೆ ಪಾಠ ಮಾಡಿದರು. "ನಿಜವಾಗಿ ಗಂಟೆಗೊಮ್ಮೆ ಬರೆದ್ರೆ ಅಕ್ಷರ ಗಂಟೆಗೊಂದು ಥರ ಇರುತ್ತೆ. ಒಂದ್ಕಡೆ ಪೆನ್ನು, ಒಂದ್ಕಡೆ ಪೆನ್ಸಿಲ್ಲು. ಆತುರದಲ್ಲಿ ಸೊಟ್ಟ. ಅಂಕಿ ಏರುತ್ತೆ, ಇಳಿಯುತ್ತೆ. ಒಟ್ಟಿಗೆ ಬರೆದದ್ದು ನೋಡು, ಶಾಲೆ ಮಕ್ಕಳು ಕಾಪಿ ಬರೆದ ಹಾಗೆ. ಒಂದೇ ವಾಲು. ಅಂಕಿಗಳೂ ಅಣ್ಣ-ತಮ್ಮಂದಿರ ಥರ, ಒಬ್ಬರ ಮುಖ ಇನ್ನೊಬ್ಬರಿಗೆ."

"ಇದನ್ನ ಕಮಿಟಿ ಮುಂದೆ ಹೇಳಲಾ ಮಾವ?"

ಮಾವನ ಬೆರಳು ಕಾಗದದ ಮೇಲೆ ನಿಂತಿತು. ಕಮಿಟಿಯ ಅಧ್ಯಕ್ಷರು ಆಸ್ಪತ್ರೆಯ ದೊಡ್ಡ ಡಾಕ್ಟರು. ಪ್ರಶಸ್ತಿಪತ್ರಕ್ಕೆ ಸಹಿ ಹಾಕಿದವರು, ಹಾರ ಹಾಕಿ ಕೈ ಕುಲುಕಿದವರು.

"ಬೇಡಮ್ಮ. ನಾನು ಸತ್ತ ಮೇಲೆ ಬೇಕಾದ್ರೆ ಹೇಳು."

"ನಿಮಗೆ ಸಾಯೋದಕ್ಕೂ ಅವಳ ಪರೀಕ್ಷೆ ಟೈಮೇ ಬೇಕಾ?" ಎಂದರು ಅತ್ತೆ ಒಳಗಿನಿಂದ.

ಸೊಸೆ ಒತ್ತಾಯ ಮಾಡಲಿಲ್ಲ. ಹನ್ನೆರಡು ಪುಟದ ವರದಿಯೊಂದನ್ನು ಬರೆದಳು. ಕಾಗದ ಒಳ್ಳೆಯದು, ಶೀರ್ಷಿಕೆ ದಪ್ಪ ಅಕ್ಷರದಲ್ಲಿ, ಗಂಡ ಪ್ರೆಸ್ಸಿನಿಂದ ನೀಲಿ ರಟ್ಟು ತಂದು ಬೈಂಡ್ ಮಾಡಿಕೊಟ್ಟ. ಒಳಗೆ ಏನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಏಳನೆಯ ವಾರದ ಬುಧವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅವಳು ಹಾಲು ತೆಗೆಯಲೆಂದು ಫ್ರಿಜ್ಜಿಗೆ ಕೈ ಹಾಕಿದಳು. ಹಾಳೆಯಲ್ಲಿ ಅವತ್ತಿನ ಸಾಲು ಭರ್ತಿಯಾಗಿತ್ತು. ಬೆಳಿಗ್ಗೆ ನೂರ ಇಪ್ಪತ್ತಾರು. ಸಂಜೆ ನೂರ ಇಪ್ಪತ್ತೆಂಟು.

ಸಂಜೆಯಾಗಲು ಇನ್ನೂ ಹನ್ನೊಂದು ಗಂಟೆಯಿತ್ತು.

ಅವಳು ಹಾಳೆಯನ್ನು ಕಿತ್ತು ಬೆಳಕಿಗೆ ಹಿಡಿದಳು. ಮೂರು ವಾರದ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ಕಡೆ ವಾಲಿಕೊಂಡು ಸಾಲಾಗಿ ನಿಂತಿದ್ದವು. ಎರಡು ದಿನದವು ಮಾತ್ರ ದುಂಡಗೆ ಬೇರೆ ಕೈಯವು.

"ರೀ! ಬನ್ನಿ ಇಲ್ಲಿ!"

ಗಂಡ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. ಹಾಳೆ ನೋಡಿದ. ಬ್ರಷ್ ತೆಗೆದ.

"ಇದು ನಿಮ್ಮ ಅಕ್ಷರ ತಾನೇ?"

"ಅಕ್ಷರ ನನ್ನದು."

"ಮತ್ತೆ?"

"ಅಂಕಿ ನನ್ನದಲ್ಲ."

"ಯಾರದು?"

ಅವನು ಅಡುಗೆಮನೆಯ ಮೂಲೆ ಕಡೆ ನೋಡಿದ. ಅಲ್ಲಿ ಅತ್ತೆ ರೇಡಿಯೋ ಪಕ್ಕದಲ್ಲಿ ಕೂತು, ಇಲ್ಲದ ಕಲ್ಲನ್ನು ಅಕ್ಕಿಯಿಂದ ಆರಿಸುತ್ತಿದ್ದರು. ಸೊಸೆ ಕಪಾಟಿನಿಂದ ಯಂತ್ರ ತೆಗೆದು ಗುಂಡಿ ಒತ್ತಿದಳು. ಪರದೆ ಹೊತ್ತಿಕೊಳ್ಳಲಿಲ್ಲ. ಹಿಂದಿನ ಮುಚ್ಚಳ ತೆಗೆದಳು. ಒಳಗೆ ಖಾಲಿ.

"ಸೆಲ್ ಎಲ್ಲಿ?"

ರೇಡಿಯೋ ಹವಾಮಾನ ವರದಿ ಓದುತ್ತಿತ್ತು.

"ಅದರಲ್ಲಿದೆ," ಎಂದರು ಅತ್ತೆ ತಲೆಯೆತ್ತದೆ.

"ಎಷ್ಟು ದಿನದಿಂದ?"

"ಮೂರು ವಾರ ಇರಬಹುದು. ವಾರ್ತೆ ಕೇಳೋಣ ಅಂತ."

"ನಿನಗೂ ಗೊತ್ತಿತ್ತೇನೇ?" ಸೊಸೆ ಮಗಳ ಕಡೆ ತಿರುಗಿದಳು.

"ಎರಡು ದಿನ ಅಪ್ಪ ಬೇಗ ಹೋಗಿದ್ರು. ಅಜ್ಜಿ ಹೇಳಿದ್ರು, ನಾನು ಬರೆದೆ."

"ಬಾಯಿ ಬಿಡೋದಕ್ಕೇನಾಗಿತ್ತು?"

"ಕಕ್ಷಿದಾರರ ಗುಟ್ಟು ಹೊರಗೆ ಹಾಕೋ ಹಾಗಿಲ್ಲಮ್ಮ."

"ತಮಾಷೆನಾ ನಿನಗೆ? ನಿಮಗೆಲ್ಲ ತಮಾಷೆನಾ? ಮಾವ, ನೀವೂ ನೋಡ್ಕೊಂಡು ಸುಮ್ನಿದ್ರಾ? ಇಡೀ ಮನೆ ಸೇರ್ಕೊಂಡು ನನ್ನನ್ನ..."

"ಇಗೋ," ಎಂದರು ಅತ್ತೆ. ಮೊರ ಕೆಳಗಿಟ್ಟರು. "ಈಗ ಕೂಗ್ತಿದೀಯಲ್ಲ, ಇದಕ್ಕೇ ಹೇಳಲಿಲ್ಲ."

ಸೊಸೆ ಕೈಯಲ್ಲಿದ್ದ ಯಂತ್ರವನ್ನು ಮೇಜಿನ ಮೇಲಿಟ್ಟಳು.

"ಅವತ್ತು ನೂರ ಎಪ್ಪತ್ತು ಅಂತ ನಿಜ ಹೇಳಿದೆ. ನೀನು ಪುಸ್ತಕ ಎಸೆದೆ, ಅವನಿಗೆ ಬೈದೆ, ಮಗೂಗೆ ಬೈದೆ, ಕ್ಲಾಸ್ ಬಿಟ್ಟೆ. ನನ್ನಿಂದ ನಿನ್ನ ಕೆಲಸ ಹೋಗೋದು ಬೇಡ ಅಂತ ನಾನೇ ಇವನಿಗೆ ಹೇಳ್ಕೊಟ್ಟೆ. ಪರೀಕ್ಷೆ ಮುಗಿಯೋವರೆಗೂ ನೂರ ಇಪ್ಪತ್ತೆಂಟು ಅಂದ್ರೆ ನನ್ನ ಗಂಟೇನು ಹೋಗುತ್ತೆ? ಕೂಗಬೇಡ, ಅಕ್ಕಪಕ್ಕದವರು ಕೇಳಿಸ್ಕೋತಾರೆ."

ಮಾವ ರೇಡಿಯೋದಿಂದ ಸೆಲ್ ತೆಗೆದು ಯಂತ್ರಕ್ಕೆ ಹಾಕಿದರು. ಸೊಸೆ ಪಟ್ಟಿ ಕಟ್ಟಿದಳು. ಅದು ಗುರ್ರೆಂದು ಉಬ್ಬಿತು, ಸುಸ್ಸೆಂದು ಇಳಿಯಿತು. ಪರದೆಯ ಮೇಲೆ ನೂರ ಎಂಬತ್ನಾಲ್ಕು ಬಂತು, ಕೆಳಗೆ ನೂರ ಆರು.

ಎಲ್ಲರೂ ಸೊಸೆಯ ಮುಖ ನೋಡಿದರು. ಅಂಕಿಯನ್ನು ಯಾರೂ ನೋಡಲಿಲ್ಲ.

"ತಲೆ ಸುತ್ತುತ್ತಾ ಅತ್ತೆ?" ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

"ನಾಲ್ಕು ದಿನದಿಂದ. ಎದ್ದು ನಿಂತಾಗ."

"ಸರಿ. ಹೇಳಿದ್ರಲ್ಲ, ಒಳ್ಳೇದಾಯ್ತು. ಸೀರೆ ಬದಲಾಯಿಸ್ಕೊಳ್ಳಿ, ಹೋಗೋಣ."

ಡಾಕ್ಟರು ಗುಳಿಗೆ ಬದಲಾಯಿಸಿದರು, ವಾರ ಮಲಗಿರಿ ಎಂದರು. ಇನ್ನೂ ಹತ್ತು ದಿನ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಅವರು ಸೊಸೆಯನ್ನು ಹೊರಗೆ ಕರೆದು ಹೇಳಿದರು. ಆ ವಾರ ಗಂಡ ದಿನವೂ ಗಂಜಿ ಮಾಡಿದ. ಒಂದು ಸಲವೂ ತಳ ಹಿಡಿಯಲಿಲ್ಲ. ಅತ್ತೆ ಮಲಗಿದಲ್ಲಿಂದಲೇ ಎಲ್ಲರ ಕೆಲಸದಲ್ಲೂ ಹುಳುಕು ಹುಡುಕಿದರು. ಮೂರನೆಯ ದಿನ ಅಂಕಿ ನೂರ ಅರವತ್ತೆರಡು ಬಂದಾಗ ಮಗಳು ಅದನ್ನು ಕೆಂಪು ಪೆನ್ಸಿಲಿನಲ್ಲಿ ಸೊಟ್ಟಗೆ ಬರೆದು, "ನೋಡಮ್ಮ, ನಿಜವಾದ ಅಕ್ಷರ," ಎಂದಳು. ಸೊಸೆಗೆ ನಗು ಬಂತು.

ಹತ್ತನೆಯ ವಾರ ಕಮಿಟಿ ಕೂತಿತು. ಉದ್ದ ಮೇಜಿನ ಆಚೆ ಐದು ಜನ: ಅಧ್ಯಕ್ಷರಾದ ದೊಡ್ಡ ಡಾಕ್ಟರು, ಮುಖ್ಯ ನರ್ಸು, ಲೆಕ್ಕಾಧಿಕಾರಿ, ಎಂಜಿನಿಯರು, ಕೊನೆಯಲ್ಲಿ ಪಾಠ ಹೇಳಿದ ಮೇಡಂ. ಸೊಸೆಗಿಂತ ಮೊದಲು ಒಳಗೆ ಹೋಗಿದ್ದ ಮೂವರಲ್ಲೊಬ್ಬನಾದ ಔಷಧಿ ವಿಭಾಗದ ಅಧಿಕಾರಿ ಬಣ್ಣಬಣ್ಣದ ಚಿತ್ರ ತೋರಿಸಿ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದ. ಸೊಸೆಯ ಚೀಲದಲ್ಲಿ ನೀಲಿ ರಟ್ಟಿನ ವರದಿ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಫ್ರಿಜ್ಜಿನ ಹಾಳೆಯನ್ನು ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟಳು.

"ನಿಮ್ಮ ವಿಷಯ ಬಾಯ್ಲರ್ ಪುಸ್ತಕ ಅಂತ ಬರೆದಿದೆ," ಎಂದರು ಎಂಜಿನಿಯರು.

"ಬದಲಾಯಿಸಿದೆ ಸಾರ್. ಇದು ನಮ್ಮ ಮನೇದು. ನಮ್ಮತ್ತೆ ಬಿ.ಪಿ. ಬರೆದಿದ್ದು."

ಲೆಕ್ಕಾಧಿಕಾರಿ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಇಲ್ಲಿ ಮನೆ ಕತೆ ಬೇಡ, ಆಸ್ಪತ್ರೆ ವಿಷಯ ಹೇಳಿ."

"ಆಸ್ಪತ್ರೇಲಿ ಇಂಥ ಪುಸ್ತಕ ಇನ್ನೂರ ಮೂವತ್ತಿವೆ ಸಾರ್. ಎಲ್ಲಾ ನಾನೇ ಜೋಡಿಸಿಡೋದು. ಇದನ್ನ ನೋಡಿ, ಸಂಜೆಯ ಅಂಕಿ ಬೆಳಿಗ್ಗೆಯೇ ಬರೆದಿದೆ. ಮೂರು ವಾರ ಯಂತ್ರದಲ್ಲಿ ಸೆಲ್ಲೇ ಇರಲಿಲ್ಲ. ದಿನಾ ನೋಡಿ ನಾನು ಖುಷಿ ಪಟ್ಟೆ."

"ಸುಳ್ಳು ಬರೆದವರು ಯಾರು?"

"ನಮ್ಮತ್ತೆ ಹೇಳಿದ್ರು. ನಮ್ಮನೆಯವರು ಬರೆದ್ರು, ಮಗಳು ಬರೆದ್ಲು. ಬರೆಸಿದ್ದು ನಾನು."

"ಅದು ಹೇಗೆ?" ಎಂದರು ಮುಖ್ಯ ನರ್ಸು. ಅವರು ಕನ್ನಡಕ ತೆಗೆದು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು.

"ನಿಜ ಹೇಳಿದ ದಿನ ನಾನು ಬೈದೆ ಮೇಡಂ."

ಅಧ್ಯಕ್ಷರು ಪೆನ್ನನ್ನು ತಿರುಗಿಸುತ್ತ ಕೇಳಿದರು: "ಬಾಯ್ಲರ್ ಪುಸ್ತಕ ನೋಡಿದಿರಲ್ಲ. ಅಲ್ಲೇನೂ ಸಿಗಲಿಲ್ವಾ? ನಿಮ್ಮ ಮಾವನವರ ಕಾಲದ್ದು, ನನಗೆ ನೆನಪಿದೆ. ಬಹಳ ಒಳ್ಳೆ ಮನುಷ್ಯ."

ಸೊಸೆ ಮೇಜಿನ ಅಂಚನ್ನು ಹಿಡಿದುಕೊಂಡಳು. ಹೇಳಿದರೆ ಹುದ್ದೆ ಕೈಗೆ ಬಂದಂತೆಯೇ. ಮೇಡಂ ಅವಳನ್ನೇ ನೋಡುತ್ತಿದ್ದರು.

"ಪುಸ್ತಕ ನೋಡಿದ್ರೆ ಸಾಲದು ಸಾರ್. ಬರೆಯೋರ ಜೊತೆ ಕೂತು ಮಾತಾಡಬೇಕು. ನನಗೆ ಕೆಲಸ ಕೊಟ್ರೆ ಮೊದಲು ಅಲ್ಲಿಗೇ ಹೋಗ್ತೀನಿ. ಇವತ್ತು ಇಷ್ಟೇ ಹೇಳಬಲ್ಲೆ."

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಮಾವ ಎರಡು ಸಲ ಕೇಳಿದರು: "ಬಹಳ ಒಳ್ಳೆ ಮನುಷ್ಯ ಅಂದ್ರಾ?"

"ಅಂದ್ರು."

"ನೀನೇನಂದೆ?"

"ನಾನೇನೂ ಅನ್ನಲಿಲ್ಲ."

ಮಾವ ಎದ್ದು ಅಂಗಳಕ್ಕೆ ಹೋದರು. ಬಹಳ ಹೊತ್ತು ಗಿಡಗಳಿಗೆ ನೀರು ಹಾಕಿದರು. ಹಾಕಿದ ಗಿಡಕ್ಕೇ ಮತ್ತೆ ಮತ್ತೆ ಹಾಕಿದರು.

ಎಂಟು ದಿನದ ಮೇಲೆ ಆದೇಶ ಬಂತು. ಹುದ್ದೆ ಅವಳದೇ, ಆದರೆ ಮೊದಲ ಆರು ತಿಂಗಳು ಪರೀಕ್ಷಾರ್ಥ. ಕೆಲಸ ತೃಪ್ತಿಕರವಾಗಿ ಕಾಣದಿದ್ದರೆ ವಾಪಸ್ ದಾಖಲೆ ಕೋಣೆಗೆ. ಮಗಳು ಆದೇಶವನ್ನು ಮೂರು ಸಲ ಓದಿ, 'ತೃಪ್ತಿಕರ' ಎಂಬ ಪದಕ್ಕೆ ಆಕ್ಷೇಪಣೆ ಎತ್ತಿದಳು. ಗಂಡ ಮೊಟ್ಟೆ ತಂದ. ಅತ್ತೆ ಅಂಗಡಿಯಿಂದ ಒಂದು ಪೊಟ್ಟಣ ರಸ್ಕ್ ತರಿಸಿ, "ಆಫೀಸರ್ ತಪಾಸಣೆ ಮಾಡಿದ ಮೇಲೇನೇ ಚಹಾಕ್ಕೆ ಅದ್ದಬೇಕು," ಎಂದರು.

ಮೊದಲ ದಿನ ಬೆಳಿಗ್ಗೆ ಸೊಸೆ ಹೊರಡುವಾಗ ಮಾವ ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ ಮಾವ?"

"ಬಾಯ್ಲರ್ ಮನೆಗೆ. ನೀನೊಬ್ಬಳೇ ಹೋದ್ರೆ ಅಲ್ಲಿರೋ ಆಪರೇಟರ್ ಸ್ಟೂಲ್ ಒರೆಸಿ, ಚಹಾ ತರಿಸಿ, ಪುಸ್ತಕ ತೋರಿಸಿ ಕಳಿಸ್ತಾನೆ. ನಾನೇ ಕಲಿಸಿದ್ದು."

ಹಾಗೇ ಆಯಿತು. ಈಗಿನ ಆಪರೇಟರ್ ಮಾವನ ಕೈಕೆಳಗೆ ಪಳಗಿದವನು, ದಪ್ಪ ಮೀಸೆಯ ಮನುಷ್ಯ. ಸ್ಟೂಲ್ ಒರೆಸಿದ, ಚಹಾಕ್ಕೆ ಕೂಗಿದ, ಪುಸ್ತಕ ತಂದಿಟ್ಟ. ಮಾವ ನಾಲ್ಕು ಪುಟ ತಿರುವಿ ನಕ್ಕರು.

"ನನಗಿಂತ ಚೆನ್ನಾಗಿ ಬರೀತೀಯ ಕಣಯ್ಯ."

"ನಿಮ್ಮ ಆಶೀರ್ವಾದ ಗುರುಗಳೇ."

"ಕೂತ್ಕೋ. ಒಂದು ವಿಷಯ ಹೇಳಬೇಕು." ಮಾವ ತಮ್ಮ ಮಗ ಹುಟ್ಟಿದ ದಿನದ ಕತೆಯನ್ನು ಒಂದಕ್ಷರ ಬಿಡದೆ ಹೇಳಿದರು. ಬಾಯ್ಲರಿನ ಸದ್ದಿನಲ್ಲಿ ಗಂಟಲೆತ್ತಿ ಹೇಳಬೇಕಾಯಿತು. ಗೇಟಿನಲ್ಲಿ ಚಹಾ ಹಿಡಿದು ನಿಂತವನಿಗೂ ಕೇಳಿಸಿತು, ಬಟ್ಟೆ ಗಾಡಿ ತಳ್ಳಿಕೊಂಡು ಬಂದ ಲಾಂಡ್ರಿಯ ಹೆಂಗಸಿಗೂ ಕೇಳಿಸಿತು. ಮಾವ ದನಿ ತಗ್ಗಿಸಲಿಲ್ಲ. ಸೊಸೆ ಅವರ ತೋಳು ಮುಟ್ಟಿದಳು. ಅವರು ಕೈ ಕೊಡವಿದರು. "ಇರಮ್ಮ, ಮುಗಿಸ್ತೀನಿ."

ಮುಗಿದ ಮೇಲೆ ಆಪರೇಟರ್ ನೆಲ ನೋಡಿದ, ಮೀಸೆ ತೀಡಿದ, ಸೊಸೆಯ ಕಡೆ ನೋಡಿದ.

"ಮೇಡಂ, ಮೇಲೆ ಸೇಫ್ಟಿ ವಾಲ್ವ್ ಇದೆಯಲ್ಲ, ಒತ್ತಡ ಜಾಸ್ತಿಯಾದ್ರೆ ಆವಿ ಬಿಡೋದು. ಅದು ಸುಮ್ಸುಮ್ನೆ ಕೂಗ್ತಿತ್ತು. ಮೇಲಿನ ವಾರ್ಡಿನವರು ದಿನಾ ದೂರು. ಎಂಜಿನಿಯರ್ ಸಾಹೇಬ್ರು ಶಬ್ದ ನಿಲ್ಲಿಸು, ಹೇಗಾದ್ರೂ ಮಾಡು ಅಂದ್ರು. ಎರಡು ತಿಂಗಳಾಯ್ತು... ಅದು ತೆರೆಯದ ಹಾಗೆ ತಂತಿ ಕಟ್ಟಿದೀನಿ."

"ತಂತಿ ಕಟ್ಟಿದೀಯಾ?" ಮಾವ ಸ್ಟೂಲಿನಿಂದ ಹಾರಿ ಎದ್ದರು. "ಅ‌ದರ ಮೇಲೆ ಬೆಂಕಿ ಉರಿಸ್ತಿದೀಯಾ? ಆರಿಸೋ ಮೊದಲು! ಕತ್ತೆ!"

"ಮಾವ, ಬೈಬೇಡಿ."

"ಬೈತಿಲ್ಲಮ್ಮ, ಆರಿಸು ಅಂತಿದೀನಿ!"

"ಆರಿಸಿ," ಎಂದಳು ಸೊಸೆ.

ಆಪರೇಟರ್ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. "ಮೇಡಂ, ಆಪರೇಷನ್ ಥಿಯೇಟರಿನ ಸಾಮಾನು ಶುದ್ಧ ಮಾಡೋದಕ್ಕೆ ಆವಿ ಇಲ್ದೇ ಹೋದ್ರೆ..."

"ಗೊತ್ತು. ಆರಿಸಿ."

ಸದ್ದು ನಿಂತಿತು. ಅಷ್ಟು ವರ್ಷ ಆ ಕಟ್ಟಡದ ಪಕ್ಕದಲ್ಲೇ ಕೆಲಸ ಮಾಡಿದ್ದರೂ ಅಲ್ಲಿ ಮೌನ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ನೋಟ್‌ಬುಕ್ ತೆರೆದು ಗಂಟೆ ಬರೆದಳು: ಒಂಬತ್ತು ಇಪ್ಪತ್ತು.

"ನನ್ನ ಹೆಸರೂ ಬರೀತೀರಾ ಮೇಡಂ?" ಎಂದ ಆಪರೇಟರ್. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದ.

"ತಂತಿ ಕಟ್ಟಿದ್ದೂ ಬರೀತೀನಿ, ಕಟ್ಟು ಅಂತ ಒತ್ತಾಯ ಮಾಡಿದ್ದೂ ಬರೀತೀನಿ. ನೀವಾಗೇ ಹೇಳಿದ್ರಿ ಅಂತ ಎಲ್ಲದಕ್ಕಿಂತ ಮೇಲೆ ಬರೀತೀನಿ."

ಗೋಡೆಯ ಫೋನು ಬಡಿದುಕೊಳ್ಳತೊಡಗಿತು. ಆಪರೇಟರ್ ಮಾವನ ಮುಖ ನೋಡಿದ, ಮಾವ ಸೊಸೆಯ ಮುಖ ನೋಡಿದರು. ಅವಳು ಫೋನು ಎತ್ತಿದಳು. ಎಂಜಿನಿಯರ್ ದನಿ ಕೋಣೆಗೆಲ್ಲ ಕೇಳಿಸುವಷ್ಟು ಜೋರಿತ್ತು.

"ಯಾರ್ರೀ ಅದು ಬಾಯ್ಲರ್ ನಿಲ್ಲಿಸಿದ್ದು?"

"ನಾನು ಸಾರ್," ಎಂದಳು. "ಒಂದು ನಿಮಿಷ ಇಲ್ಲಿಗೆ ಬನ್ನಿ. ಕೂತು ಮಾತಾಡೋಣ."